ಯೆಹೂದಿ ಧರ್ಮದಲ್ಲಿ ದೈವಿಕ ನ್ಯಾಯ ಮತ್ತು ಮರಣೋತ್ತರ ಶಿಕ್ಷೆ

ಯೆಹೂದಿ ಧರ್ಮದಲ್ಲಿ ದೈವಿಕ ನ್ಯಾಯ ಮತ್ತು ಮರಣೋತ್ತರ ಶಿಕ್ಷೆ ಎಂಬುದು, ಮನುಷ್ಯನ ಒಳಿತು ಕೆಡುಕುಗಳಿಗೆ ದೇವರು ಕೊಡುವ ಪ್ರತಿಫಲವನ್ನೂ ಸಾವಿನ ನಂತರ ಆತ್ಮಕ್ಕೆ ಒದಗುವ ಗತಿಯನ್ನೂ ಕುರಿತ ಯೆಹೂದಿ ಚಿಂತನೆಯಾಗಿದೆ. ಹೀಬ್ರೂ ಭಾಷೆಯಲ್ಲಿ ಈ ತತ್ತ್ವವನ್ನು 'ಸಖಾರ್ ವಾ-ಓನೆಷ್' (ಫಲ ಮತ್ತು ದಂಡನೆ) ಎಂದು ಕರೆಯುತ್ತಾರೆ. ದೇವರು ನ್ಯಾಯಾಧಿಪತಿಯೆಂಬುದೂ ಮನುಷ್ಯನು ತನ್ನ ಕೃತ್ಯಗಳಿಗೆ ಉತ್ತರ ಹೇಳಬೇಕಾದವನೆಂಬುದೂ ಈ ಧರ್ಮದ ಮೂಲಭೂತ ನಂಬಿಕೆಗಳು. ಆದರೆ ಆ ನ್ಯಾಯವು ಯಾವಾಗ, ಎಲ್ಲಿ, ಎಷ್ಟು ಕಾಲ ನಡೆಯುತ್ತದೆ ಎಂಬ ವಿಷಯದಲ್ಲಿ ಎಲ್ಲರೂ ಒಪ್ಪುವ ಒಂದೇ ಸಿದ್ಧಾಂತ ಎಂದೂ ರೂಪುಗೊಳ್ಳಲಿಲ್ಲ. ಬೈಬಲಿನ ಕಾಲದಿಂದ ಇಂದಿನವರೆಗೆ ಪ್ರವಾದಿಗಳು, ರಬ್ಬಿಗಳು, ತತ್ತ್ವಜ್ಞಾನಿಗಳು ಹಾಗೂ ಅನುಭಾವಿಗಳು ಈ ಬಗ್ಗೆ ಪರಸ್ಪರ ಭಿನ್ನವಾದ ಉತ್ತರಗಳನ್ನು ನೀಡಿದ್ದಾರೆ.

ಯೆಹೂದಿ ಧರ್ಮದಲ್ಲಿ ಪರಲೋಕದ ಕಲ್ಪನೆಯೇ ಇಲ್ಲವೆಂಬ ಅಭಿಪ್ರಾಯ ಕೆಲವೆಡೆ ಪ್ರಚಲಿತವಾಗಿದೆ. ಇದು ಸರಿಯಲ್ಲ. ಈ ಧರ್ಮವು ಇಹಲೋಕದ ಕರ್ತವ್ಯಕ್ಕೆ ಹೆಚ್ಚು ಒತ್ತು ನೀಡುವುದು ನಿಜವಾದರೂ, ಪರಲೋಕದ ವಿಚಾರಣೆಯನ್ನು ಕುರಿತ ವಿಪುಲವಾದ ಸಾಹಿತ್ಯ ಅದರಲ್ಲಿದೆ. ಆ ಸಾಹಿತ್ಯದ ಮುಖ್ಯ ಧಾರೆಯಲ್ಲಿ ಮರಣೋತ್ತರ ಶಿಕ್ಷೆಯು ಬಹುತೇಕ ಎಲ್ಲರಿಗೂ ಅವಧಿಯುಳ್ಳದ್ದು ಮತ್ತು ಶುದ್ಧೀಕರಣದ ಉದ್ದೇಶವುಳ್ಳದ್ದು.

ಪರಿಭಾಷೆ

ಷೆಓಲ್: ಹೀಬ್ರೂ ಬೈಬಲಿನಲ್ಲಿ ಸತ್ತವರು ಸೇರುವ ಅಧೋಲೋಕ. ಕನ್ನಡ ಬೈಬಲಿನಲ್ಲಿ ಇದನ್ನು 'ಪಾತಾಳ' ಎಂದು ಅನುವಾದಿಸಲಾಗಿದೆ.

ಗೆಹಿನ್ನೋಮ್: ಪಾಪಿಗಳು ಸಾವಿನ ನಂತರ ಶಿಕ್ಷೆ ಅನುಭವಿಸುವ ಸ್ಥಳ ಅಥವಾ ಸ್ಥಿತಿ. ಗ್ರೀಕ್ ಭಾಷೆಯ 'ಗೆಹೆನ್ನಾ' ಹಾಗೂ ಅರಬ್ಬಿಯ 'ಜಹನ್ನಮ್' ಎಂಬ ಪದಗಳು ಇದಕ್ಕೆ ಸಂಬಂಧಿಸಿದವು. ಕನ್ನಡದಲ್ಲಿ 'ನರಕ' ಎಂಬ ಪದವನ್ನೇ ಬಳಸುವುದು ರೂಢಿ.

ಗನ್ ಏದೆನ್: ಏದೆನ್ ತೋಟ, ನೀತಿವಂತರ ಆತ್ಮಗಳು ನೆಲೆಸುವ ಸ್ಥಳ.

ಓಲಾಮ್ ಹಬ್ಬಾ: 'ಬರಲಿರುವ ಲೋಕ'. ಸಾವಿನ ನಂತರ ಆತ್ಮವು ಸೇರುವ ಲೋಕವೆಂದು ಕೆಲವರೂ, ಪುನರುತ್ಥಾನದ ನಂತರ ಬರುವ ಹೊಸ ಯುಗವೆಂದು ಇತರರೂ ಇದನ್ನು ಅರ್ಥೈಸುತ್ತಾರೆ.

ತೆಹಿಯ್ಯತ್ ಹಮ್ಮೇತೀಮ್: ಸತ್ತವರ ಪುನರುತ್ಥಾನ.

ಕಾರೇತ್: 'ಕಡಿದು ಹಾಕುವಿಕೆ', ದೇವರೇ ವಿಧಿಸುವ ದಂಡನೆ.

ತೆಶುವಾ: 'ಹಿಂದಿರುಗುವಿಕೆ'; ಪಶ್ಚಾತ್ತಾಪಪಟ್ಟು ದೇವರ ಕಡೆಗೆ ಮರಳುವುದು.

ಹೀಬ್ರೂ ಬೈಬಲಿನಲ್ಲಿ

ಹೀಬ್ರೂ ಬೈಬಲಿನ (ತನಖ್) ಹಳೆಯ ಭಾಗಗಳಲ್ಲಿ ದೇವರ ನ್ಯಾಯವು ಈ ಲೋಕದಲ್ಲಿಯೇ, ಈ ಜನ್ಮದಲ್ಲಿಯೇ ನಡೆಯುತ್ತದೆ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯವು ಆಜ್ಞೆಗಳನ್ನು ಪಾಲಿಸುವ ಜನಾಂಗಕ್ಕೆ ಮಳೆ, ಬೆಳೆ, ಸಂತಾನ ಮತ್ತು ಜಯವನ್ನೂ, ಮೀರುವ ಜನಾಂಗಕ್ಕೆ ಬರಗಾಲ, ರೋಗ, ಸೋಲು ಮತ್ತು ದೇಶಭ್ರಷ್ಟತೆಯನ್ನೂ ಹೇಳುತ್ತದೆ. ಅಲ್ಲಿ ಸ್ವರ್ಗ ನರಕಗಳ ಪ್ರಸ್ತಾಪವಿಲ್ಲ.

ಸತ್ತವರೆಲ್ಲರೂ ಇಳಿಯುವ ಷೆಓಲ್‌ನ ಹೆಸರು ತನಖ್‌ನಲ್ಲಿ ಅರವತ್ತಕ್ಕೂ ಹೆಚ್ಚು ಬಾರಿ ಬಂದಿದೆ. ಅದು ಕತ್ತಲೆಯ, ಮೌನದ ಸ್ಥಳ. ಒಳ್ಳೆಯವರು ಕೆಟ್ಟವರೆಂಬ ಭೇದ ಅಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಯೋಸೇಫನು ಸತ್ತನೆಂದು ಭಾವಿಸಿದ ಯಾಕೋಬನು ತಾನೂ ದುಃಖಿಸುತ್ತ ಅಲ್ಲಿಗೇ ಇಳಿಯುವುದಾಗಿ ಹೇಳುತ್ತಾನೆ. ಮೋಶೆಗೆ ತಿರುಗಿಬಿದ್ದ ಕೋರಹನು ಜೀವಸಹಿತ ಅಲ್ಲಿಗೇ ಇಳಿಯುತ್ತಾನೆ. ಏಂದೋರಿನ ಸ್ತ್ರೀಯ ಮೂಲಕ ಅರಸ ಸೌಲನು ಪ್ರವಾದಿ ಸಮುವೇಲನನ್ನು ನೆಲದಡಿಯಿಂದ ಎಬ್ಬಿಸಿದ ಪ್ರಸಂಗ ಒಂದನೆಯ ಸಮುವೇಲ ಗ್ರಂಥದಲ್ಲಿದೆ. ಅಲ್ಲಿ ಸಮುವೇಲನು ತನ್ನ ನೆಮ್ಮದಿಯನ್ನು ಕೆಡಿಸಿದ್ದೇಕೆಂದು ಕೇಳುತ್ತಾನೆಯೇ ಹೊರತು, ಸುಖವನ್ನಾಗಲಿ ಯಾತನೆಯನ್ನಾಗಲಿ ವರ್ಣಿಸುವುದಿಲ್ಲ.

ನ್ಯಾಯವು ಈ ಲೋಕದಲ್ಲಿಯೇ ನಡೆಯಬೇಕೆಂದಾಗ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯದು, ಒಬ್ಬರ ಪಾಪಕ್ಕೆ ಮತ್ತೊಬ್ಬರು ದಂಡನೆ ಅನುಭವಿಸುವುದು ಸರಿಯೇ ಎಂಬುದು. ವಿಮೋಚನಕಾಂಡವು ತಂದೆಯ ದೋಷವು ಮೂರು ನಾಲ್ಕು ತಲೆಮಾರುಗಳವರೆಗೆ ಮಕ್ಕಳನ್ನು ತಟ್ಟುವುದೆಂದು ಹೇಳುತ್ತದೆ. ಕ್ರಿ.ಪೂ. 6ನೆಯ ಶತಮಾನದ ಪ್ರವಾದಿ ಯೆಹೆಜ್ಕೇಲನು ಇದಕ್ಕೆ ವ್ಯತಿರಿಕ್ತವಾಗಿ, ಪಾಪ ಮಾಡಿದವನೇ ಅದರ ಹೊಣೆಗಾರನೆಂದೂ ಮಗನು ತಂದೆಯ ದೋಷವನ್ನು ಹೊರಬೇಕಾಗಿಲ್ಲವೆಂದೂ ತನ್ನ ಗ್ರಂಥದ 18ನೆಯ ಅಧ್ಯಾಯದಲ್ಲಿ ಸಾರಿದನು. ಅದೇ ಅಧ್ಯಾಯದಲ್ಲಿ, ದುಷ್ಟನ ಸಾವು ದೇವರಿಗೆ ಇಷ್ಟವಲ್ಲ, ಅವನು ತಿರುಗಿಕೊಂಡು ಬದುಕುವುದೇ ಇಷ್ಟ ಎಂಬ ವಿಚಾರವೂ ಇದೆ. ನಂತರದ ತೆಶುವಾ ಸಿದ್ಧಾಂತಕ್ಕೆ ಇದು ಆಧಾರವಾಯಿತು.

ಎರಡನೆಯದು, ನೀತಿವಂತನು ನರಳುವುದೇಕೆ, ದುಷ್ಟನು ಏಳಿಗೆ ಹೊಂದುವುದೇಕೆ ಎಂಬುದು. ಯೋಬನ ಗ್ರಂಥದ ವಸ್ತು ಇದೇ. ಸಂಕಟಕ್ಕೆ ಪಾಪವೇ ಕಾರಣವಿರಬೇಕೆಂದು ಯೋಬನ ಗೆಳೆಯರು ವಾದಿಸುತ್ತಾರೆ. ಯೋಬನು ಅದನ್ನು ಒಪ್ಪುವುದಿಲ್ಲ, ಮತ್ತು ಗ್ರಂಥದ ಕೊನೆಯಲ್ಲಿ ದೇವರು ಗೆಳೆಯರ ಮಾತನ್ನೇ ತಪ್ಪೆಂದು ಹೇಳುತ್ತಾನೆ. ಪ್ರಸಂಗಿ ಗ್ರಂಥವು ಒಳ್ಳೆಯವನಿಗೂ ಕೆಟ್ಟವನಿಗೂ ಒಂದೇ ಗತಿಯೆಂದು ವಿಷಾದಿಸುತ್ತದೆ. ಸೊದೋಮ್ ನಗರದ ನಾಶಕ್ಕೆ ಮುನ್ನ ಅಬ್ರಹಾಮನು, ಲೋಕಕ್ಕೆಲ್ಲ ನ್ಯಾಯ ತೀರಿಸುವವನೇ ಅನ್ಯಾಯ ಮಾಡಬಹುದೇ ಎಂದು ದೇವರನ್ನು ನೇರವಾಗಿ ಪ್ರಶ್ನಿಸುತ್ತಾನೆ. ದೇವರ ನ್ಯಾಯವನ್ನು ನಂಬುವುದರ ಜೊತೆಗೆ ದೇವರೊಡನೆ ವಾದಿಸುವುದೂ ಯೆಹೂದಿ ಪರಂಪರೆಯಲ್ಲಿ ಭಕ್ತಿಗೆ ವಿರುದ್ಧವೆನಿಸಲಿಲ್ಲ.

ಪುನರುತ್ಥಾನದ ನಂಬಿಕೆಯ ಉದಯ

ಸತ್ತವರು ಎದ್ದು ತಮ್ಮ ತಮ್ಮ ಫಲವನ್ನು ಪಡೆಯುವರೆಂಬ ಸ್ಪಷ್ಟವಾದ ಮಾತು ತನಖ್‌ನಲ್ಲಿ ಕಂಡುಬರುವುದು ದಾನಿಯೇಲ ಗ್ರಂಥದ 12ನೆಯ ಅಧ್ಯಾಯದಲ್ಲಿ. ಮಣ್ಣಿನಲ್ಲಿ ಮಲಗಿದವರಲ್ಲಿ ಅನೇಕರು ಎಚ್ಚರಗೊಳ್ಳುವರು, ಕೆಲವರಿಗೆ ನಿತ್ಯಜೀವವೂ ಕೆಲವರಿಗೆ ನಿತ್ಯವಾದ ನಿಂದೆಯೂ ದೊರೆಯುವುದು ಎಂಬುದು ಅದರ ತಾತ್ಪರ್ಯ. ಈ ಭಾಗವು ಸೆಲ್ಯುಕಸ್ ವಂಶದ ದೊರೆ ನಾಲ್ಕನೆಯ ಆಂಟಿಯೋಕಸನ ಕಾಲದಲ್ಲಿ, ಸುಮಾರು ಕ್ರಿ.ಪೂ. 165ರಲ್ಲಿ ರಚಿತವಾಯಿತೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ.

ಆ ದೊರೆಯು ಯೆಹೂದಿ ಆಚರಣೆಗಳನ್ನು ನಿಷೇಧಿಸಿದ್ದನು. ಧರ್ಮವನ್ನು ಬಿಟ್ಟವರು ಬದುಕಿದರು, ಪಾಲಿಸಿದವರು ಸತ್ತರು. ಆಜ್ಞೆಯನ್ನು ಪಾಲಿಸಿದವನಿಗೆ ಈ ಲೋಕದಲ್ಲಿ ದೀರ್ಘಾಯುಸ್ಸು ಎಂಬ ಹಳೆಯ ಉತ್ತರವು ಹುತಾತ್ಮರ ಮುಂದೆ ನಿಲ್ಲದಾಯಿತು. ಎರಡನೆಯ ಮಕ್ಕಬಿಯರ ಗ್ರಂಥದಲ್ಲಿ ಒಬ್ಬ ತಾಯಿ ಮತ್ತು ಅವಳ ಏಳು ಮಂದಿ ಮಕ್ಕಳು ದೇವರು ತಮಗೆ ಮತ್ತೆ ಜೀವ ಕೊಡುವನೆಂಬ ಭರವಸೆಯಿಂದ ಪ್ರಾಣ ಬಿಡುವ ಕಥೆಯಿದೆ. ನ್ಯಾಯವು ಸಾವಿನಾಚೆಗೂ ಮುಂದುವರಿಯಬೇಕೆಂಬ ನಂಬಿಕೆಗೆ ಈ ಹಿಂಸೆಯ ಅನುಭವವೇ ಬಲವಾದ ಪ್ರೇರಣೆಯಾಯಿತು.

ಎರಡನೆಯ ದೇವಾಲಯದ ಕೊನೆಗಾಲದಲ್ಲಿ ಈ ನಂಬಿಕೆ ವಿವಾದದ ವಿಷಯವಾಗಿತ್ತು. ಇತಿಹಾಸಕಾರ ಜೋಸೆಫಸನ ಪ್ರಕಾರ ಸದ್ದುಕಾಯರು ಆತ್ಮವು ದೇಹದೊಡನೆ ನಾಶವಾಗುವುದೆಂದು ಹೇಳಿ ಪರಲೋಕದ ಫಲ ಮತ್ತು ಶಿಕ್ಷೆ ಎರಡನ್ನೂ ನಿರಾಕರಿಸಿದರು. ಫರಿಸಾಯರು ಅವುಗಳನ್ನು ಒಪ್ಪಿದರು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದ ಮೇಲೆ ಸದ್ದುಕಾಯರು ಮರೆಯಾದರು. ಫರಿಸಾಯರ ಪರಂಪರೆಯನ್ನು ಮುಂದುವರಿಸಿದ ರಬ್ಬಿಗಳ ಮೂಲಕ ಪುನರುತ್ಥಾನವು ಧರ್ಮದ ಅಧಿಕೃತ ನಂಬಿಕೆಯಾಯಿತು.

ಹಿನ್ನೋಮ್ ಕಣಿವೆಯಿಂದ ಗೆಹಿನ್ನೋಮ್‌ಗೆ

ಗೆಹಿನ್ನೋಮ್ ಮೂಲತಃ ಒಂದು ಭೌಗೋಳಿಕ ಸ್ಥಳ. 'ಗೇ ಹಿನ್ನೋಮ್' ಎಂದರೆ ಹಿನ್ನೋಮ್ ಕಣಿವೆ. ಇದು ಜೆರುಸಲೇಮಿನ ಹಳೆಯ ನಗರದ ಪಶ್ಚಿಮ ಮತ್ತು ದಕ್ಷಿಣ ಬದಿಗಳಲ್ಲಿ ಇಂದಿಗೂ ಇದೆ. ಯೆಹೋಶುವ ಗ್ರಂಥದಲ್ಲಿ ಇದು ಯೆಹೂದ ಮತ್ತು ಬೆನ್ಯಾಮೀನ್ ಕುಲಗಳ ಗಡಿಯಾಗಿ ಬರುತ್ತದೆ. ಅಲ್ಲಿನ ತೋಫೆತ್ ಎಂಬೆಡೆಯಲ್ಲಿ ಮಕ್ಕಳನ್ನು ಬೆಂಕಿಗೆ ಆಹುತಿ ಕೊಡಲಾಗುತ್ತಿತ್ತೆಂದು ಬೈಬಲ್ ಹೇಳುತ್ತದೆ. ಆಹಾಜ ಮತ್ತು ಮನಸ್ಸೆ ಎಂಬ ಅರಸರ ಮೇಲೆ ಈ ಆರೋಪವಿದೆ. ಕ್ರಿ.ಪೂ. 7ನೆಯ ಶತಮಾನದ ಅರಸ ಯೋಷೀಯನು ಆ ಸ್ಥಳವನ್ನು ಹೊಲೆಗೊಳಿಸಿ ಈ ಪದ್ಧತಿಯನ್ನು ನಿಲ್ಲಿಸಿದನು. ಪ್ರವಾದಿ ಯೆರೆಮೀಯನು ಆ ಕಣಿವೆಯು ಮುಂದೆ ಸಂಹಾರದ ಕಣಿವೆ ಎನಿಸಿಕೊಳ್ಳುವುದೆಂದು ನುಡಿದನು. ಹೀಗೆ ಬೆಂಕಿ, ಅಪರಾಧ ಮತ್ತು ದೈವದಂಡನೆಯ ನೆನಪುಗಳನ್ನು ಹೊತ್ತ ಸ್ಥಳದ ಹೆಸರೇ ಕಾಲಕ್ರಮದಲ್ಲಿ ಪರಲೋಕದ ಶಿಕ್ಷಾಸ್ಥಾನದ ಹೆಸರಾಯಿತು.

ಈ ಕಣಿವೆಯಲ್ಲಿ ನಗರದ ಕಸವನ್ನು ಸದಾ ಸುಡುತ್ತಿದ್ದುದರಿಂದ ನರಕಾಗ್ನಿಯ ಕಲ್ಪನೆ ಬಂದಿತೆಂಬ ವಿವರಣೆ ಅನೇಕ ಪುಸ್ತಕಗಳಲ್ಲಿದೆ. ಆದರೆ ಇದು ಮೊದಲು ಕಾಣಿಸಿಕೊಳ್ಳುವುದು ಸುಮಾರು ಕ್ರಿ.ಶ. 1200ರ ವ್ಯಾಖ್ಯಾನಕಾರ ದಾವೀದ್ ಕಿಂಹಿಯ ಬರಹದಲ್ಲಿ. ಅದಕ್ಕಿಂತ ಹಿಂದಿನ ಗ್ರಂಥಗಳಲ್ಲಾಗಲಿ ಉತ್ಖನನಗಳಲ್ಲಾಗಲಿ ಇದಕ್ಕೆ ಆಧಾರ ದೊರೆತಿಲ್ಲ. ಕಣಿವೆಯ ಅಂಚಿನ ಕೆತೆಫ್ ಹಿನ್ನೋಮ್ ಎಂಬಲ್ಲಿ 1979ರಲ್ಲಿ ಪುರಾತತ್ತ್ವಜ್ಞ ಗೇಬ್ರಿಯೆಲ್ ಬಾರ್ಕಾಯ್ ನಡೆಸಿದ ಉತ್ಖನನದಲ್ಲಿ ಪ್ರಾಚೀನ ಸಮಾಧಿಗಳೂ, ಆಶೀರ್ವಚನವನ್ನು ಕೊರೆದ ಎರಡು ಪುಟ್ಟ ಬೆಳ್ಳಿಯ ಸುರುಳಿಗಳೂ ದೊರೆತವು.

ರಬ್ಬಿಗಳ ಸಾಹಿತ್ಯದಲ್ಲಿ

ಯಾರಿಗೆ ಪಾಲು

ಸುಮಾರು ಕ್ರಿ.ಶ. 200ರಲ್ಲಿ ರಬ್ಬಿ ಯೆಹೂದಾ ಹನಾಸಿ ಸಂಪಾದಿಸಿದ ಮಿಷ್ನಾದ ಸನ್‌ಹೆದ್ರಿನ್ ಭಾಗವು ಇಸ್ರಾಯೇಲರೆಲ್ಲರಿಗೂ ಬರಲಿರುವ ಲೋಕದಲ್ಲಿ ಪಾಲಿದೆ ಎಂಬ ಸಾಮಾನ್ಯ ನಿಯಮವನ್ನು ಮೊದಲು ಹೇಳಿ, ಅನಂತರ ಅಪವಾದಗಳನ್ನು ಪಟ್ಟಿಮಾಡುತ್ತದೆ. ಪುನರುತ್ಥಾನವನ್ನು ನಿರಾಕರಿಸುವವನು, ತೋರಾ ದೇವರಿಂದ ಬಂದುದಲ್ಲವೆನ್ನುವವನು ಮತ್ತು 'ಅಪಿಕೋರೋಸ್' ಎನಿಸುವ ಧರ್ಮನಿಂದಕ ಈ ಪಟ್ಟಿಯಲ್ಲಿದ್ದಾರೆ. ಇವರಲ್ಲದೆ ಯಾರೊಬ್ಬಾಮ, ಅಹಾಬ, ಮನಸ್ಸೆ ಎಂಬ ಮೂವರು ಅರಸರನ್ನೂ ಬಿಳಾಮ, ದೋಯೇಗ, ಅಹೀತೋಫೆಲ, ಗೇಹಜಿ ಎಂಬ ನಾಲ್ವರು ಸಾಮಾನ್ಯರನ್ನೂ ಹೆಸರಿಸಲಾಗಿದೆ. ಇಲ್ಲಿಯೂ ಭಿನ್ನಮತವಿದೆ. ಮನಸ್ಸೆಯು ಪಶ್ಚಾತ್ತಾಪಪಟ್ಟುದರಿಂದ ಅವನಿಗೆ ಪಾಲಿದೆ ಎಂಬುದು ರಬ್ಬಿ ಯೆಹೂದಾ ಅವರ ಅಭಿಪ್ರಾಯ.

ಶಿಕ್ಷೆಯ ಅವಧಿ

ಗೆಹಿನ್ನೋಮ್‌ನಲ್ಲಿ ದುಷ್ಟರ ಶಿಕ್ಷೆಯ ಅವಧಿ ಹನ್ನೆರಡು ತಿಂಗಳು ಎಂದು ರಬ್ಬಿ ಅಕಿವಾ ಹೇಳಿರುವುದು ಮಿಷ್ನಾದ ಎದುಯೋತ್ ಭಾಗದಲ್ಲಿದೆ. ಅದೇ ಸ್ಥಳದಲ್ಲಿ ರಬ್ಬಿ ಯೋಹಾನಾನ್ ಬೆನ್ ನೂರಿ, ಅದು ಪಸ್ಕ ಹಬ್ಬದಿಂದ ಶಾವುಓತ್ ಹಬ್ಬದವರೆಗಿನ ಕಾಲದಷ್ಟು, ಅಂದರೆ ಸುಮಾರು ಏಳು ವಾರ ಮಾತ್ರ ಎನ್ನುತ್ತಾರೆ.

ಟಾಲ್ಮುಡ್‌ನ ರೋಷ್ ಹಷಾನಾ ಭಾಗದಲ್ಲಿ ಶಮ್ಮಾಯ್ ಮತ್ತು ಹಿಲ್ಲೆಲ್ ಪಂಥಗಳ ವಾದವಿದೆ. ಶಮ್ಮಾಯ್ ಪಂಥದವರು ಮನುಷ್ಯರನ್ನು ಪೂರ್ಣ ನೀತಿವಂತರು, ಪೂರ್ಣ ದುಷ್ಟರು, ನಡುವಿನವರು ಎಂದು ಮೂರಾಗಿ ವಿಂಗಡಿಸಿದರು. ನಡುವಿನವರು ಗೆಹಿನ್ನೋಮ್‌ಗೆ ಇಳಿದು, ಗೋಳಾಡಿ, ಮೇಲೇರಿ ಬರುತ್ತಾರೆ ಎಂಬುದು ಅವರ ಮತ. ಹಿಲ್ಲೆಲ್ ಪಂಥದವರು ದೇವರು ತಕ್ಕಡಿಯನ್ನು ಕರುಣೆಯ ಕಡೆಗೆ ವಾಲಿಸುತ್ತಾನೆ, ಆದ್ದರಿಂದ ನಡುವಿನವರು ಅಲ್ಲಿಗೆ ಇಳಿಯಬೇಕಾಗಿಯೇ ಇಲ್ಲ ಎಂದರು. ಧರ್ಮದ್ರೋಹಿಗಳು, ಪರಕೀಯರಿಗೆ ತಮ್ಮವರನ್ನು ಹಿಡಿದುಕೊಟ್ಟವರು, ಜನರನ್ನು ಪಾಪಕ್ಕೆ ಎಳೆದವರು ಮುಂತಾದವರಿಗೆ ಮಾತ್ರ ಅಲ್ಲಿ ತಲೆತಲಾಂತರದ ಶಿಕ್ಷೆಯನ್ನು ಹೇಳಲಾಗಿದೆ.

ಬಾವಾ ಮೆತ್ಸಿಯಾ ಎಂಬ ಭಾಗದಲ್ಲಿ, ಗೆಹಿನ್ನೋಮ್‌ಗೆ ಇಳಿದವರಲ್ಲಿ ಮೂವರನ್ನು ಬಿಟ್ಟು ಉಳಿದವರು ಮೇಲೆ ಬರುತ್ತಾರೆ ಎಂಬ ಮಾತಿದೆ. ಆ ಮೂವರು: ಪರಸ್ತ್ರೀಯನ್ನು ಕೂಡಿದವನು, ಇನ್ನೊಬ್ಬನನ್ನು ಜನರ ಎದುರಿಗೆ ಅವಮಾನಿಸಿ ನಾಚಿಸಿದವನು, ಇನ್ನೊಬ್ಬನಿಗೆ ಕೆಟ್ಟ ಅಡ್ಡಹೆಸರಿಟ್ಟು ಕರೆದವನು. ಇವರಲ್ಲಿ ಇಬ್ಬರ ಅಪರಾಧವು ಕೇವಲ ಮಾತಿನದು. ಜನರೆದುರು ಒಬ್ಬನ ಮುಖ ಬಿಳಿಚುವಂತೆ ಮಾಡುವುದು ರಕ್ತ ಸುರಿಸಿದಂತೆಯೇ ಎಂದು ಟಾಲ್ಮುಡ್ ಭಾವಿಸುತ್ತದೆ.

ಮೂರನೆಯ ಶತಮಾನದ ರೇಷ್ ಲಾಕಿಷ್, ಬರಲಿರುವ ಕಾಲದಲ್ಲಿ ಗೆಹಿನ್ನೋಮ್ ಎಂಬ ಪ್ರತ್ಯೇಕ ಸ್ಥಳವೇ ಇರುವುದಿಲ್ಲವೆಂದರು. ದೇವರು ಸೂರ್ಯನನ್ನು ಒರೆಯಿಂದ ಹೊರತೆಗೆದಾಗ ಅದೇ ಬಿಸಿಲು ನೀತಿವಂತರನ್ನು ಗುಣಪಡಿಸಿ ದುಷ್ಟರನ್ನು ದಂಡಿಸುತ್ತದೆ ಎಂಬುದು ಅವರ ಮತ.

ವಿಚಾರಣೆಯ ಪ್ರಶ್ನೆಗಳು

ಶಬ್ಬಾತ್ ಭಾಗದಲ್ಲಿ ರಾವಾ ಎಂಬ ವಿದ್ವಾಂಸರು, ವಿಚಾರಣೆಗೆ ನಿಂತ ಮನುಷ್ಯನಿಗೆ ಕೇಳಲಾಗುವ ಪ್ರಶ್ನೆಗಳನ್ನು ಹೇಳುತ್ತಾರೆ. ವ್ಯಾಪಾರ ವ್ಯವಹಾರಗಳಲ್ಲಿ ಪ್ರಾಮಾಣಿಕನಾಗಿದ್ದೆಯೋ ಎಂಬುದು ಮೊದಲನೆಯ ಪ್ರಶ್ನೆ. ತೋರಾ ಅಧ್ಯಯನಕ್ಕೆ ಸಮಯ ಮೀಸಲಿಟ್ಟೆಯೋ, ಸಂತಾನವನ್ನು ಬೆಳೆಸಲು ಯತ್ನಿಸಿದೆಯೋ, ಬಿಡುಗಡೆಗಾಗಿ ಎದುರುನೋಡಿದೆಯೋ ಎಂಬ ಪ್ರಶ್ನೆಗಳು ಅನಂತರ ಬರುತ್ತವೆ.

ದೇಹ ಮತ್ತು ಆತ್ಮಗಳಲ್ಲಿ ಪಾಪದ ಹೊಣೆ ಯಾರದು ಎಂಬುದಕ್ಕೆ ಸನ್‌ಹೆದ್ರಿನ್ ಭಾಗದಲ್ಲಿ ಒಂದು ದೃಷ್ಟಾಂತವಿದೆ. ಒಬ್ಬ ಅರಸನು ತನ್ನ ಅಂಜೂರದ ತೋಟಕ್ಕೆ ಒಬ್ಬ ಕುರುಡನನ್ನೂ ಒಬ್ಬ ಕುಂಟನನ್ನೂ ಕಾವಲಿಟ್ಟನು. ಕುಂಟನು ಕುರುಡನ ಹೆಗಲೇರಿ ಹಣ್ಣುಗಳನ್ನು ಕಿತ್ತು ಇಬ್ಬರೂ ತಿಂದರು. ಅರಸನು ಕೇಳಿದಾಗ ಕುಂಟನು ತನಗೆ ಕಾಲಿಲ್ಲವೆಂದೂ ಕುರುಡನು ತನಗೆ ಕಣ್ಣಿಲ್ಲವೆಂದೂ ಹೇಳಿ ಜಾರಿಕೊಳ್ಳಲು ನೋಡಿದರು. ಅರಸನು ಕುಂಟನನ್ನು ಕುರುಡನ ಮೇಲೆ ಕೂರಿಸಿ ಇಬ್ಬರನ್ನೂ ಒಬ್ಬನೆಂಬಂತೆ ದಂಡಿಸಿದನು. ದೇವರೂ ಹಾಗೆಯೇ ಆತ್ಮವನ್ನು ದೇಹಕ್ಕೆ ಮತ್ತೆ ಸೇರಿಸಿ ಎರಡನ್ನೂ ಒಟ್ಟಾಗಿ ವಿಚಾರಿಸುತ್ತಾನೆ ಎಂಬುದು ಇದರ ಸಾರ. ಭಾರತದ ಸಾಂಖ್ಯದರ್ಶನದ ಅಂಧ-ಪಂಗು ನ್ಯಾಯದಲ್ಲಿಯೂ ಕುರುಡ ಕುಂಟರ ಜೋಡಿ ಬರುತ್ತದೆಯಾದರೂ ಅಲ್ಲಿ ವಿಷಯ ಪ್ರಕೃತಿ ಮತ್ತು ಪುರುಷರ ಸಂಯೋಗವೇ ಹೊರತು ಅಪರಾಧದ ಹೊಣೆಯಲ್ಲ.

ನ್ಯಾಯ ಮತ್ತು ಕರುಣೆ

ರಬ್ಬಿಗಳು ದೇವರಲ್ಲಿ 'ಮಿದ್ದತ್ ಹದ್ದೀನ್' (ನ್ಯಾಯದ ಗುಣ) ಮತ್ತು 'ಮಿದ್ದತ್ ಹರಹಮೀಮ್' (ಕರುಣೆಯ ಗುಣ) ಎಂಬ ಎರಡು ಗುಣಗಳನ್ನು ಹೇಳುತ್ತಾರೆ. ಬೆರೆಷೀತ್ ರಬ್ಬಾ ಎಂಬ ಮಿದ್ರಾಷ್‌ನಲ್ಲಿ ಇದನ್ನು ನಾಜೂಕಾದ ಲೋಟಗಳ ಉಪಮೆಯಿಂದ ವಿವರಿಸಲಾಗಿದೆ. ಬಿಸಿನೀರು ಹಾಕಿದರೆ ಲೋಟ ಒಡೆಯುತ್ತದೆ, ತೀರಾ ತಣ್ಣೀರು ಹಾಕಿದರೂ ಕೆಡುತ್ತದೆ. ಆದ್ದರಿಂದ ಅರಸನು ಎರಡನ್ನೂ ಬೆರೆಸಿ ಹಾಕಿದನು. ಕರುಣೆಯಿಂದ ಮಾತ್ರ ನಡೆದರೆ ಪಾಪ ಹೆಚ್ಚುತ್ತದೆ, ನ್ಯಾಯದಿಂದ ಮಾತ್ರ ನಡೆದರೆ ಲೋಕ ಉಳಿಯುವುದಿಲ್ಲ ಎಂದು ದೇವರು ಎರಡನ್ನೂ ಬೆರೆಸಿ ಲೋಕವನ್ನು ಸೃಷ್ಟಿಸಿದನೆಂಬುದು ತಾತ್ಪರ್ಯ.

ಅವೋದಾ ಜಾರಾ ಭಾಗದಲ್ಲಿ ಎರಡನೆಯ ಶತಮಾನದ ಹುತಾತ್ಮ ರಬ್ಬಿ ಹನೀನಾ ಬೆನ್ ತೆರದ್ಯೋನ್ ಅವರ ಕಥೆಯಿದೆ. ರೋಮನ್ನರು ಅವರನ್ನು ತೋರಾ ಸುರುಳಿಯಲ್ಲಿ ಸುತ್ತಿ ಸುಟ್ಟರು. ಯಾತನೆ ದೀರ್ಘವಾಗಲೆಂದು ಎದೆಯ ಮೇಲಿಟ್ಟಿದ್ದ ಒದ್ದೆ ಉಣ್ಣೆಯನ್ನು ತೆಗೆದುಹಾಕಿದ ದಂಡಾಧಿಕಾರಿಯು ತಾನೂ ಅದೇ ಬೆಂಕಿಗೆ ಹಾರಿದನು. ಇಬ್ಬರಿಗೂ ಬರಲಿರುವ ಲೋಕದಲ್ಲಿ ಸ್ಥಾನವಿದೆಯೆಂದು ಆಕಾಶವಾಣಿಯಾಯಿತು. ಒಬ್ಬನು ವರ್ಷಗಟ್ಟಲೆ ಶ್ರಮಿಸಿ ಪಡೆಯುವುದನ್ನು ಮತ್ತೊಬ್ಬನು ಒಂದೇ ಗಳಿಗೆಯಲ್ಲಿ ಪಡೆಯಬಲ್ಲನೆಂದು ರಬ್ಬಿ ಯೆಹೂದಾ ಹನಾಸಿ ಕಣ್ಣೀರಿಟ್ಟರೆಂದು ಕಥೆ ಮುಗಿಯುತ್ತದೆ.

ಎಲಿಶಾ ಬೆನ್ ಅವೂಯಾ ಪ್ರಸಂಗ

ದೈವಿಕ ನ್ಯಾಯವನ್ನು ಕುರಿತ ಸಂಶಯವು ರಬ್ಬಿಗಳ ನಡುವೆಯೇ ಇದ್ದುದಕ್ಕೆ ಎರಡನೆಯ ಶತಮಾನದ ಎಲಿಶಾ ಬೆನ್ ಅವೂಯಾ ಪ್ರಸಿದ್ಧ ಉದಾಹರಣೆ. ತಾಯಿ ಹಕ್ಕಿಯನ್ನು ಹಾರಿಬಿಟ್ಟು ಮರಿಗಳನ್ನು ತೆಗೆದುಕೊಳ್ಳಬೇಕೆಂಬ ಆಜ್ಞೆಗೂ ತಂದೆ ತಾಯಿಯರನ್ನು ಗೌರವಿಸಬೇಕೆಂಬ ಆಜ್ಞೆಗೂ ತೋರಾ ದೀರ್ಘಾಯುಸ್ಸನ್ನು ಫಲವಾಗಿ ಹೇಳುತ್ತದೆ. ತಂದೆಯ ಮಾತಿನಂತೆ ಮೇಲೆ ಹತ್ತಿ, ತಾಯಿ ಹಕ್ಕಿಯನ್ನು ಬಿಟ್ಟು ಮರಿಗಳನ್ನು ತೆಗೆದುಕೊಂಡ ಹುಡುಗನೊಬ್ಬನು ಇಳಿಯುವಾಗ ಬಿದ್ದು ಸತ್ತನು. ಇದನ್ನು ಕಂಡು ಎಲಿಶಾ ನಂಬಿಕೆ ಕಳೆದುಕೊಂಡನೆಂಬುದು ಕಿದ್ದುಶೀನ್ ಭಾಗದಲ್ಲಿರುವ ಒಂದು ನಿರೂಪಣೆ. ಹುತಾತ್ಮ ವಿದ್ವಾಂಸನೊಬ್ಬನ ನಾಲಿಗೆ ಧೂಳಿನಲ್ಲಿ ಬಿದ್ದುದನ್ನು ಕಂಡು ಹಾಗಾಯಿತೆಂಬುದು ಇನ್ನೊಂದು. ಎಲಿಶಾನ ಮಗಳ ಮಗನಾದ ರಬ್ಬಿ ಯಾಕೋಬ್, ಆ ದೀರ್ಘಾಯುಸ್ಸು ಬರಲಿರುವ ಲೋಕಕ್ಕೆ ಸಂಬಂಧಿಸಿದ್ದು, ಆಜ್ಞಾಪಾಲನೆಯ ಫಲ ಈ ಲೋಕದಲ್ಲಿಲ್ಲ ಎಂದು ವ್ಯಾಖ್ಯಾನಿಸಿದರು.

ಎಲಿಶಾನ ಮರಣಾನಂತರದ ಕಥೆ ಹಗಿಗಾ ಭಾಗದಲ್ಲಿದೆ. ತೋರಾ ಕಲಿತವನಾದುದರಿಂದ ಅವನನ್ನು ಗೆಹಿನ್ನೋಮ್‌ಗೆ ಕಳುಹಿಸುವಂತಿರಲಿಲ್ಲ. ಪಾಪಿಯಾದುದರಿಂದ ಬರಲಿರುವ ಲೋಕಕ್ಕೂ ಸೇರಿಸುವಂತಿರಲಿಲ್ಲ. ಶಿಷ್ಯ ರಬ್ಬಿ ಮೇಯಿರ್, ತನ್ನ ಗುರು ಶಿಕ್ಷೆ ಅನುಭವಿಸಿಯಾದರೂ ಆ ಲೋಕ ಸೇರುವುದೇ ಮೇಲೆಂದು ಬಯಸಿದರು. ಮೇಯಿರ್ ಸತ್ತ ಮೇಲೆ ಎಲಿಶಾನ ಸಮಾಧಿಯಿಂದ ಹೊಗೆ ಎದ್ದಿತು. ಮುಂದಿನ ತಲೆಮಾರಿನ ರಬ್ಬಿ ಯೋಹಾನಾನ್ ತೀರಿಕೊಂಡಾಗ ಆ ಹೊಗೆ ನಿಂತಿತು. ಶಿಕ್ಷೆಯನ್ನು ಬಿಡುಗಡೆಯ ದಾರಿಯಾಗಿ ಕಾಣುವ ಮನೋಭಾವಕ್ಕೆ ಈ ಕಥೆಯನ್ನು ನಿದರ್ಶನವಾಗಿ ನೀಡಲಾಗುತ್ತದೆ.

ಅನ್ಯಜನರ ಗತಿ

ಯೆಹೂದಿಗಳಲ್ಲದವರಿಗೆ ಬರಲಿರುವ ಲೋಕದಲ್ಲಿ ಪಾಲಿದೆಯೇ ಎಂಬ ಬಗ್ಗೆ ತೊಸೆಫ್ತಾ ಗ್ರಂಥದಲ್ಲಿ ವಾದವಿದೆ. ರಬ್ಬಿ ಎಲಿಯೇಜರ್ ಇಲ್ಲವೆಂದರೆ, ರಬ್ಬಿ ಯೆಹೋಶುವ ಅನ್ಯಜನರಲ್ಲಿಯೂ ಪಾಲಿಗೆ ಅರ್ಹರಾದ ನೀತಿವಂತರಿದ್ದಾರೆ ಎಂದರು. ಎರಡನೆಯ ಮತವೇ ಸ್ವೀಕೃತವಾಯಿತು. ವಿಗ್ರಹಾರಾಧನೆ, ದೇವದೂಷಣೆ, ಕೊಲೆ, ಅಕ್ರಮ ಲೈಂಗಿಕತೆ, ಕಳ್ಳತನ, ಜೀವಂತ ಪ್ರಾಣಿಯಿಂದ ಕಿತ್ತ ಮಾಂಸದ ಸೇವನೆ ಇವುಗಳ ನಿಷೇಧ ಹಾಗೂ ನ್ಯಾಯಾಲಯಗಳ ಸ್ಥಾಪನೆ ಎಂಬ ನೋಹನ ಏಳು ಆಜ್ಞೆಗಳು ಅನ್ಯಜನರಿಗೆ ಸಾಕೆಂಬುದು ಪರಂಪರೆಯ ನಿಲುವು. ಯೆಹೂದಿ ಧರ್ಮವು ಮತಾಂತರಕ್ಕೆ ಒತ್ತಾಯಿಸದಿರುವುದಕ್ಕೆ ಇದೂ ಒಂದು ಕಾರಣ.

ಮಧ್ಯಯುಗದ ತತ್ತ್ವಜ್ಞಾನಿಗಳು

ಸಾದಿಯಾ ಗಾಓನ್ (882–942) ಬಾಗ್ದಾದಿನಲ್ಲಿ ಅರಬ್ಬಿ ಭಾಷೆಯಲ್ಲಿ ಬರೆದ, 'ನಂಬಿಕೆಗಳು ಮತ್ತು ಅಭಿಪ್ರಾಯಗಳು' ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾದ ಗ್ರಂಥದಲ್ಲಿ ಈ ಲೋಕದಲ್ಲಿ ಫಲಗಳು ಸರಿಯಾಗಿ ಹಂಚಿಕೆಯಾಗದಿರುವುದನ್ನೇ ಪರಲೋಕವಿದೆ ಎಂಬುದಕ್ಕೆ ತಾರ್ಕಿಕ ಆಧಾರವಾಗಿ ಬಳಸಿದರು. ದೇವರು ನ್ಯಾಯವಂತನಾದರೆ ಉಳಿದ ಲೆಕ್ಕ ಬೇರೆಲ್ಲಿಯೋ ತೀರಲೇಬೇಕೆಂಬುದು ಅವರ ವಾದ.

ಮೈಮೊನಿಡೀಸ್ (1138–1204) 1168ರಲ್ಲಿ ಮುಗಿಸಿದ ಮಿಷ್ನಾ ವ್ಯಾಖ್ಯಾನದಲ್ಲಿ ಧರ್ಮದ ಹದಿಮೂರು ಮೂಲತತ್ತ್ವಗಳನ್ನು ನಿರೂಪಿಸಿದರು. ಅವುಗಳಲ್ಲಿ ಹನ್ನೊಂದನೆಯದು ಫಲ ಮತ್ತು ದಂಡನೆ, ಹದಿಮೂರನೆಯದು ಪುನರುತ್ಥಾನ. ಅವರ ದೃಷ್ಟಿಯಲ್ಲಿ ಬರಲಿರುವ ಲೋಕದಲ್ಲಿ ದೇಹವಿಲ್ಲ, ಅನ್ನಪಾನಗಳಿಲ್ಲ. ದೇವರ ಜ್ಞಾನದಲ್ಲಿ ಆತ್ಮವು ಆನಂದಿಸುವುದೇ ಅಲ್ಲಿನ ಫಲ. ಆ ಜೀವವನ್ನು ಕಳೆದುಕೊಂಡು ಆತ್ಮವು ಇಲ್ಲವಾಗುವ ಕಾರೇತ್ ಅತ್ಯಂತ ದೊಡ್ಡ ಶಿಕ್ಷೆ. ಫಲದ ಆಸೆಯಿಂದ ಧರ್ಮವನ್ನು ಪಾಲಿಸುವುದನ್ನು ಅವರು ತಿಂಡಿಯ ಆಸೆಗೆ ಪಾಠ ಕಲಿಯುವ ಎಳೆಯ ಮಗುವಿಗೆ ಹೋಲಿಸಿದರು. ಮಗುವಿಗೆ ಅದು ಅಗತ್ಯ, ಆದರೆ ಬೆಳೆದವನು ಕಲಿಕೆಗಾಗಿಯೇ ಕಲಿಯಬೇಕು. ಅವರು ಪುನರುತ್ಥಾನವನ್ನು ಒಪ್ಪುವುದಿಲ್ಲವೆಂಬ ಆರೋಪ ಬಂದುದರಿಂದ 1191ರಲ್ಲಿ ಅದನ್ನು ಸಮರ್ಥಿಸಿ ಪ್ರತ್ಯೇಕ ಪ್ರಬಂಧ ಬರೆಯಬೇಕಾಯಿತು.

ನಾಹ್ಮನಿಡೀಸ್ (1194–1270) 'ಶಾಅರ್ ಹಗ್ಗೆಮೂಲ್' (ಪ್ರತಿಫಲದ ದ್ವಾರ) ಎಂಬ ಬರಹದಲ್ಲಿ ಗೆಹಿನ್ನೋಮ್ ವಾಸ್ತವವಾದುದೆಂದೂ ಅದರ ಅಗ್ನಿಯು ಆತ್ಮವನ್ನು ತಟ್ಟಬಲ್ಲ ಸೂಕ್ಷ್ಮವಾದ ಅಗ್ನಿಯೆಂದೂ ವಾದಿಸಿದರು. ಬರಲಿರುವ ಲೋಕವು ಪುನರುತ್ಥಾನದ ನಂತರದ್ದು, ಅಲ್ಲಿ ಶುದ್ಧಗೊಂಡ ದೇಹವೂ ಇರುತ್ತದೆ ಎಂಬುದು ಅವರ ನಿಲುವು. ಮುಂದೆ ಹಸ್ದಾಯ್ ಕ್ರೆಸ್ಕಾಸ್, ಆತ್ಮದ ಅಮರತ್ವಕ್ಕೆ ಕಾರಣ ಬೌದ್ಧಿಕ ಜ್ಞಾನವಲ್ಲ, ದೇವರ ಮೇಲಿನ ಪ್ರೀತಿ ಎಂದರು. ಜ್ಞಾನವೇ ಮಾನದಂಡವಾದರೆ ಸಾಮಾನ್ಯ ಜನರಿಗೆ ಪರಲೋಕದಲ್ಲಿ ಸ್ಥಾನವಿಲ್ಲದಂತಾಗುತ್ತದೆ ಎಂಬ ಆತಂಕ ಈ ವಾದದ ಹಿಂದಿದೆ. ಯೋಸೆಫ್ ಆಲ್ಬೋ ಧರ್ಮದ ಮೂಲತತ್ತ್ವಗಳನ್ನು ಮೂರಕ್ಕೆ ಇಳಿಸಿದಾಗಲೂ ಫಲ ಮತ್ತು ದಂಡನೆಯನ್ನು ಅವುಗಳಲ್ಲಿ ಒಂದಾಗಿ ಉಳಿಸಿಕೊಂಡರು.

ಕಬ್ಬಾಲಾ ಮತ್ತು ಪುನರ್ಜನ್ಮ

ಯೆಹೂದಿ ಅನುಭಾವ ಪಂಥವಾದ ಕಬ್ಬಾಲಾದಲ್ಲಿ 'ಗಿಲ್ಗುಲ್' ಎಂಬ ಪುನರ್ಜನ್ಮ ಸಿದ್ಧಾಂತ ಬೆಳೆಯಿತು. ಸಾದಿಯಾ ಗಾಓನ್ ಇದನ್ನು ಕಟುವಾಗಿ ತಿರಸ್ಕರಿಸಿದ್ದರು. ಆದರೂ 12ನೆಯ ಶತಮಾನದ ಕೊನೆಯಲ್ಲಿ ಬೆಳಕಿಗೆ ಬಂದ ಬಾಹಿರ್ ಗ್ರಂಥದಲ್ಲಿ ಮತ್ತು 13ನೆಯ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ಪ್ರಚಾರಕ್ಕೆ ಬಂದ ಜೋಹಾರ್ ಗ್ರಂಥದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಯೋಬನಂತಹ ನೀತಿವಂತನ ಸಂಕಟಕ್ಕೆ ಹಿಂದಿನ ಜನ್ಮದ ದೋಷ ಕಾರಣವಿರಬಹುದೆಂಬ ರಹಸ್ಯಾರ್ಥವನ್ನು ನಾಹ್ಮನಿಡೀಸ್ ಸೂಚಿಸಿದ್ದರು. 16ನೆಯ ಶತಮಾನದಲ್ಲಿ ಗಲಿಲಾಯದ ಸಫೇದ್ ಪಟ್ಟಣದ ಐಸಾಕ್ ಲೂರಿಯಾ (1534–1572) ಮತ್ತು ಶಿಷ್ಯ ಹಯೀಮ್ ವಿತಾಲ್ ಇದನ್ನು ವಿಸ್ತಾರವಾದ ವ್ಯವಸ್ಥೆಯಾಗಿಸಿದರು.

ಗಿಲ್ಗುಲ್ ಭಾರತೀಯ ಕರ್ಮಸಿದ್ಧಾಂತವನ್ನು ನೆನಪಿಸುವುದಾದರೂ ಎರಡರಲ್ಲಿ ವ್ಯತ್ಯಾಸವಿದೆ. ಗಿಲ್ಗುಲ್‌ನಲ್ಲಿ ಜನ್ಮವನ್ನು ವಿಧಿಸುವವನು ದೇವರು. ಅಪೂರ್ಣವಾಗಿ ಉಳಿದ ಆಜ್ಞೆಯನ್ನು ಪೂರೈಸಲು ಮತ್ತು ಕೆಡಿಸಿದ್ದನ್ನು ಸರಿಪಡಿಸಲು ('ತಿಕ್ಕೂನ್') ಆತ್ಮಕ್ಕೆ ಕೊಡುವ ಇನ್ನೊಂದು ಅವಕಾಶವಾಗಿ ಅದನ್ನು ಕಾಣಲಾಗುತ್ತದೆ.

ಆಮ್‌ಸ್ಟರ್‌ಡ್ಯಾಮ್ ವಿವಾದ

1630ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ಸಮುದಾಯದಲ್ಲಿ ಶಾಶ್ವತ ಶಿಕ್ಷೆಯ ಬಗ್ಗೆ ತೀವ್ರ ವಿವಾದ ನಡೆಯಿತು. ಅಲ್ಲಿನವರಲ್ಲಿ ಅನೇಕರು ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಬಲವಂತದಿಂದ ಕ್ರೈಸ್ತರಾಗಿದ್ದವರ ವಂಶಸ್ಥರು. ಅವರ ಬಂಧುಗಳು ಎಷ್ಟೋ ಮಂದಿ ಕ್ರೈಸ್ತರಾಗಿಯೇ ತೀರಿಕೊಂಡಿದ್ದರು. ಹಾಗಾಗಿ ಪಾಪಿಯ ಆತ್ಮಕ್ಕೆ ಎಂದಾದರೂ ಬಿಡುಗಡೆಯಿದೆಯೇ ಎಂಬ ಪ್ರಶ್ನೆ ಅವರಿಗೆ ಸ್ವಂತ ಮನೆಯವರ ಪ್ರಶ್ನೆಯಾಗಿತ್ತು.

ಹಿರಿಯ ರಬ್ಬಿ ಸೌಲ್ ಲೇವಿ ಮೊರ್ತೇರಾ, ಮಿಷ್ನಾ ಹೆಸರಿಸಿದ ಘೋರ ಪಾಪಿಗಳಿಗೆ ಶಾಶ್ವತ ಶಿಕ್ಷೆಯುಂಟೆಂದು ಬೋಧಿಸಿದರು. ಕಬ್ಬಾಲಾದಿಂದ ಪ್ರಭಾವಿತರಾದ ಕಿರಿಯ ರಬ್ಬಿ ಐಸಾಕ್ ಅಬೋಅಬ್ ದ ಫೊನ್ಸೆಕಾ, ಎಲ್ಲ ಇಸ್ರಾಯೇಲರೂ ಒಂದೇ ದೇಹದಂತೆ, ಪುನರ್ಜನ್ಮದ ಮೂಲಕ ಪ್ರತಿಯೊಂದು ಆತ್ಮವೂ ಕೊನೆಗೆ ಶುದ್ಧವಾಗುತ್ತದೆ ಎಂದರು. ವಿವಾದವನ್ನು ವೆನಿಸ್ ನಗರದ ಯೆಹೂದಿ ಮುಖಂಡರಿಗೆ ಒಪ್ಪಿಸಲಾಯಿತು. ಅವರು ಅಬೋಅಬ್ ತಮ್ಮ ನಿಲುವನ್ನು ಕೈಬಿಡಬೇಕೆಂದು ಕೋರಿದರು. ಇದೇ ನಗರದಲ್ಲಿ ಆತ್ಮದ ಅಮರತ್ವವನ್ನೇ ನಿರಾಕರಿಸಿದ್ದ ಉರಿಯೆಲ್ ದ ಕೋಸ್ತಾ ಅವರ ಪುಸ್ತಕವನ್ನು 1624ರಲ್ಲಿ ಸುಡಲಾಗಿತ್ತು. ಬಹಿಷ್ಕಾರಕ್ಕೆ ಗುರ��ಯಾಗಿದ್ದ ಅವರು 1640ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಆಚರಣೆಗಳಲ್ಲಿ

ಸಾವಿನ ಸುದ್ದಿ ಕೇಳಿದಾಗ ದೇವರನ್ನು 'ದಯ್ಯಾನ್ ಹಾಎಮೆತ್' (ಸತ್ಯದ ನ್ಯಾಯಾಧಿಪತಿ) ಎಂದು ಸ್ತುತಿಸುವ ವಿಧಿಯು ಮಿಷ್ನಾದ ಕಾಲದಿಂದಲೂ ಇದೆ. ಶವಸಂಸ್ಕಾರದಲ್ಲಿ ದೇವರ ತೀರ್ಪನ್ನು ಒಪ್ಪಿಕೊಳ್ಳುವ 'ತ್ಸಿದ್ದೂಕ್ ಹದ್ದೀನ್' ಎಂಬ ಪ್ರಾರ್ಥನೆಯನ್ನು ಹೇಳಲಾಗುತ್ತದೆ.

ತಂದೆ ತಾಯಿಯರು ತೀರಿಕೊಂಡಾಗ ಮಕ್ಕಳು 'ಕದ್ದೀಷ್' ಎಂಬ ಪ್ರಾರ್ಥನೆಯನ್ನು ಹೇಳುತ್ತಾರೆ. ಬಹುತೇಕ ಅರಾಮಿಕ್ ಭಾಷೆಯಲ್ಲಿರುವ ಇದರಲ್ಲಿ ಸಾವಿನ ಪ್ರಸ್ತಾಪವೇ ಇಲ್ಲ, ದೇವರ ಮಹಿಮೆಯ ಕೀರ್ತನೆ ಮಾತ್ರ ಇದೆ. ರಬ್ಬಿ ಅಕಿವಾ ಯಾತನೆಯಲ್ಲಿದ್ದ ಸತ್ತವನೊಬ್ಬನನ್ನು ಕಂಡು, ಅವನ ಮಗನನ್ನು ಹುಡುಕಿ, ವಿದ್ಯೆ ಕಲಿಸಿ, ಸಭೆಯಲ್ಲಿ ಪ್ರಾರ್ಥನೆ ಹೇಳಿಸಿದಾಗ ತಂದೆಗೆ ಬಿಡುಗಡೆ ದೊರೆಯಿತೆಂಬ ಮಧ್ಯಯುಗದ ಕಥೆ ಈ ಪದ್ಧತಿಗೆ ಆಧಾರವಾಗಿದೆ. ದುಷ್ಟರ ಶಿಕ್ಷೆಯ ಅವಧಿ ಹನ್ನೆರಡು ತಿಂಗಳಾದುದರಿಂದ, ಪೂರ್ಣ ಹನ್ನೆರಡು ತಿಂಗಳು ಕದ್ದೀಷ್ ಹೇಳಿದರೆ ಹೆತ್ತವರನ್ನು ದುಷ್ಟರೆಂದು ಭಾವಿಸಿದಂತಾಗುತ್ತದೆ. ಆದ್ದರಿಂದ ಹನ್ನೊಂದು ತಿಂಗಳಿಗೆ ನಿಲ್ಲಿಸುವ ರೂಢಿಯನ್ನು 16ನೆಯ ಶತಮಾನದ ಪೋಲೆಂಡಿನ ರಬ್ಬಿ ಮೋಶೆ ಇಸ್ಸೆರ್ಲೆಸ್ ದಾಖಲಿಸಿದ್ದಾರೆ. ಶಬ್ಬಾತ್ ದಿನ ಗೆಹಿನ್ನೋಮ್‌ನಲ್ಲಿಯೂ ಶಿಕ್ಷೆಗೆ ವಿರಾಮವೆಂಬ ನಂಬಿಕೆಯಿಂದ, ಶಬ್ಬಾತ್ ಮುಗಿಯುವ ಸಂಜೆಯ ಪ್ರಾರ್ಥನೆಯನ್ನು ನಿಧಾನವಾಗಿ ಹೇಳುವ ಪದ್ಧತಿಯೂ ಬೆಳೆಯಿತು.

ಯೋಮ್ ಕಿಪ್ಪೂರ್ ಪ್ರಾಯಶ್ಚಿತ್ತದ ದಿನ. ಮನುಷ್ಯ ಮತ್ತು ದೇವರ ನಡುವಿನ ಪಾಪಗಳಿಗೆ ಆ ದಿನವು ಪ್ರಾಯಶ್ಚಿತ್ತವಾಗುತ್ತದೆ. ಆದರೆ ಮನುಷ್ಯ ಮನುಷ್ಯರ ನಡುವಿನ ತಪ್ಪಿಗೆ, ನೊಂದವನನ್ನು ಸಮಾಧಾನಪಡಿಸುವವರೆಗೆ ಪ್ರಾಯಶ್ಚಿತ್ತವಿಲ್ಲವೆಂದು ಮಿಷ್ನಾದ ಯೋಮಾ ಭಾಗ ವಿಧಿಸುತ್ತದೆ. ಆದ್ದರಿಂದ ಆ ದಿನಕ್ಕೆ ಮುಂಚೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದು ವಾಡಿಕೆ.

ಆಧುನಿಕ ಕಾಲದಲ್ಲಿ

ಸಾಂಪ್ರದಾಯಿಕ (ಆರ್ಥೊಡಾಕ್ಸ್) ಪಂಥವು ಪುನರುತ್ಥಾನ, ಗೆಹಿನ್ನೋಮ್ ಮತ್ತು ಬರಲಿರುವ ಲೋಕಗಳನ್ನು ಇಂದಿಗೂ ಒಪ್ಪುತ್ತದೆ. ಅಮೆರಿಕದ ಸುಧಾರಣಾವಾದಿ (ರಿಫಾರ್ಮ್) ರಬ್ಬಿಗಳು 1885ರ ಪಿಟ್ಸ್‌ಬರ್ಗ್ ಘೋಷಣೆಯಲ್ಲಿ ಆತ್ಮದ ಅಮರತ್ವವನ್ನು ಉಳಿಸಿಕೊಂಡು, ದೇಹದ ಪುನರುತ್ಥಾನವನ್ನೂ ಶಾಶ್ವತ ಶಿಕ್ಷೆ ಮತ್ತು ಫಲದ ನೆಲೆಗಳಾದ ಗೆಹಿನ್ನೋಮ್ ಹಾಗೂ ಏದೆನ್‌ಗಳನ್ನೂ ತಿರಸ್ಕರಿಸಿದರು. ಆ ಪಂಥದ ಪ್ರಾರ್ಥನೆಗಳಲ್ಲಿ ಸತ್ತವರಿಗೆ ಜೀವ ಕೊಡುವವನೆಂಬ ಮಾತಿನ ಬದಲಿಗೆ ಎಲ್ಲಕ್ಕೂ ಜೀವ ಕೊಡುವವನೆಂಬ ಮಾತು ಬಂದಿತು. 2007ರ 'ಮಿಷ್ಕಾನ್ ತೆಫಿಲಾ' ಎಂಬ ಪ್ರಾರ್ಥನಾ ಪುಸ್ತಕದಲ್ಲಿ ಹಳೆಯ ಮಾತನ್ನು ಐಚ್ಛಿಕವಾಗಿ ಮತ್ತೆ ಸೇರಿಸಲಾಗಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದಿಗಳು ನಾಜಿಗಳಿಂದ ಹತರಾದ ಮೇಲೆ ದೈವಿಕ ನ್ಯಾಯದ ಪ್ರಶ್ನೆ ಹೊಸ ತೀವ್ರತೆಯನ್ನು ಪಡೆಯಿತು. ರಿಚರ್ಡ್ ರೂಬೆನ್‌ಸ್ಟೈನ್ 1966ರ 'ಆಫ್ಟರ್ ಆಶ್ವಿಟ್ಜ್' ಕೃತಿಯಲ್ಲಿ, ಇತಿಹಾಸವನ್ನು ನಡೆಸಿ ಫಲ ದಂಡನೆಗಳನ್ನು ಹಂಚುವ ದೇವರ ಕಲ್ಪನೆಯನ್ನು ಇನ್ನು ಒಪ್ಪಲಾಗದೆಂದರು. ಎಲಿಯೇಜರ್ ಬರ್ಕೊವಿಟ್ಸ್ 1973ರ 'ಫೇಯ್ತ್ ಆಫ್ಟರ್ ದ ಹಾಲೊಕಾಸ್ಟ್' ಕೃತಿಯಲ್ಲಿ, ಮನುಷ್ಯನಿಗೆ ಸ್ವಾತಂತ್ರ್ಯವಿರಬೇಕಾದರೆ ದೇವರು ಮುಖ ಮರೆಸಿಕೊಳ್ಳಬೇಕಾಗುತ್ತದೆ ಎಂಬ ಹಳೆಯ ವಿಚಾರವನ್ನು ಆಧರಿಸಿ ನಂಬಿಕೆಯನ್ನು ಸಮರ್ಥಿಸಿದರು. ಸತ್ಮಾರ್ ಹಸಿದಿ ಪಂಥದ ಯೋಯೆಲ್ ಟೈಟೆಲ್‌ಬೌಮ್ ಈ ದುರಂತವನ್ನು ಜಿಯೋನಿಸಂ ಎಂಬ ಪಾಪಕ್ಕೆ ಬಂದ ದಂಡನೆಯೆಂದು ಅರ್ಥೈಸಿದರು. ಲುಬಾವಿಚ್ ಪಂಥದ ಮೆನಾಹೆಮ್ ಮೆಂಡೆಲ್ ಶ್ನೇರ್ಸನ್ ಅದನ್ನು ಸತ್ತವರ ಪಾಪದ ಫಲವೆನ್ನುವ ವಿವರಣೆಯನ್ನು ನಿರಾಕರಿಸಿದರು. ಯೋಬನ ಗೆಳೆಯರಂತೆ ನೊಂದವರ ಮೇಲೆಯೇ ದೋಷ ಹೊರಿಸಬಾರದೆಂಬ ನಿಲುವು ಇಂದು ಹಲವು ಪಂಥಗಳ ಚಿಂತಕರಲ್ಲಿ ಕಂಡುಬರುತ್ತದೆ.